ನಿಧಾನ ಅಂದರೆ ಓಡು

ಫೆಬ್ರುವರಿ ೯, ಭಾನುವಾರ

ಎಲ್ಲರೂ ಬದುಕಿದ್ದೇವೆ. ಅದನ್ನು ಮೊದಲು ಬರೆದುಬಿಡುತ್ತೇನೆ.

ಆಸ್ಪತ್ರೆಯಿಂದ ಅಕ್ಕನನ್ನು ಇವತ್ತು ನಮ್ಮ ಮನೆಗೆ ಕರೆತಂದೆವು. ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡಿದ್ದಾಳೆ. ಒಳಗೆ ಕಂಬಿ ಹಾಕಿದ್ದಾರೆ, ವಾಕರ್ ಹಿಡಿದು ಒಂದೊಂದೇ ಹೆಜ್ಜೆ ಇಡಬೇಕು. "ಇನ್ನೊಂದು ಸಲ ಬಿದ್ರೆ ಮತ್ತೆ ಎದ್ದು ಓಡಾಡ್ತಾರೆ ಅಂತ ನಾನು ಮಾತು ಕೊಡಲ್ಲ" ಎಂದು ಡಾಕ್ಟರು ನನ್ನ ಮುಖಕ್ಕೇ ಹೇಳಿದ್ದರು. ಅದಕ್ಕೇ ನಾಯಿಯನ್ನು ಹಿತ್ತಿಲಲ್ಲಿ ಕಟ್ಟಿ, ಗಂಟನ್ನು ಎರಡೆರಡು ಸಲ ಎಳೆದು ನೋಡಿ ಹೋಗಿದ್ದೆ. ಎಲ್ಲ ಸರಿಯಾಗಿಯೇ ಇತ್ತು. ಮುಂಬಾಗಿಲ ಮೆಟ್ಟಿಲ ಹತ್ತಿರ ನನ್ನ ಯಜಮಾನರು ಅಕ್ಕನ ತೋಳು ಹಿಡಿದು, ಬಹಳ ಅಕ್ಕರೆಯಿಂದ, "ನಿಧಾನ ಅಕ್ಕಾ, ನಿಧಾನ" ಅಂದರು.

ಮುಗಿಯಿತು! ಹಿತ್ತಿಲಲ್ಲಿ ಹಗ್ಗ ಪಟ್ಟೆಂದು ಹರಿದ ಸದ್ದು. ಕುಂಡಗಳು ಉರುಳಿದ ಸದ್ದು. ಮರುಕ್ಷಣ ಕರುವಿನಷ್ಟು ದೊಡ್ಡ ಪ್ರಾಣಿ, ನಾಲಿಗೆ ಹೊರಗೆ, ಕಿವಿ ಹಿಂದೆ, ಮನೆ ಮೂಲೆ ತಿರುಗಿ ನೇರ ನಮ್ಮ ಮೇಲೆ. ವಾಕರ್ ಒಂದು ದಿಕ್ಕು, ಅಕ್ಕನ ಚಪ್ಪಲಿ ಒಂದು ದಿಕ್ಕು. ಇವರು ಅಕ್ಕನನ್ನು ಅವಚಿ ಹಿಡಿದು ಗೋಡೆಗೆ ಅಂಟಿಕೊಂಡರು, ಸದ್ಯ. ನಾನು ನಾಯಿಯ ಕುತ್ತಿಗೆಗೆ ಜೋತುಬಿದ್ದು "ನಿಧಾನ! ನಿಧಾನ!" ಎಂದು ಕಿರುಚುತ್ತಿದ್ದೆ. ನಾನು ಕಿರುಚಿದಷ್ಟೂ ಅವನು ಕುಣಿಯುತ್ತಿದ್ದ.

ಅವನದೇನು ತಪ್ಪು? ಅವನ ಹೆಸರೇ ನಿಧಾನ. ಮರಿಯಾಗಿ ಬಂದಾಗ ಇವರು 'ಸಾಮ್ರಾಟ' ಎಂದು ಗತ್ತಿನ ಹೆಸರಿಟ್ಟಿದ್ದರು. ನಾನೋ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಪಕ್ಕದ ಸೀಟಿನಲ್ಲಿ ಕೂತು ದಿನವಿಡೀ "ನಿಧಾನ, ನಿಧಾನ" ಎನ್ನುವುದೇ ನನ್ನ ಹೊಟ್ಟೆಪಾಡು. ಕಾರಿನ ಹಿಂದಿನ ಗಾಜಿಗೂ 'ನಿಧಾನವೇ ಪ್ರಧಾನ' ಎಂದು ಬರೆಸಿದ್ದಾರೆ. ಮನೆಗೆ ಬಂದರೆ ಮರಿ ಸೋಫಾದಿಂದ ಮೇಜಿಗೆ ಹಾರುತ್ತಿತ್ತು; ಅದೇ ಬಾಯಿ, ಅದೇ ಮಾತು. ಸಾಮ್ರಾಟ ಎಂದರೆ ಕಿವಿಯೂ ಅಲ್ಲಾಡಿಸದವನು 'ನಿಧಾನ' ಎಂದರೆ ಬಾಣದಂತೆ ಬರತೊಡಗಿದ. ಒಂಬತ್ತು ವರ್ಷವಾಯಿತು. ಲೋಕಕ್ಕೆಲ್ಲ ಒಂದು ಅರ್ಥವಾದರೆ ನಮ್ಮ ಮನೆಯಲ್ಲಿ ಆ ಮಾತಿಗೆ ಓಡಿ ಬಾ, ಹಾರು, ನೆಕ್ಕು ಎಂದು ಅರ್ಥ.

ಸೋಫಾದಲ್ಲಿ ಕೂರಿಸಿ ನೀರು ಕೊಟ್ಟ ಮೇಲೆ ಅಕ್ಕ ಬಾಯಿ ತೆರೆದಳು.

"ಇದು ನಾಯೀನೋ, ಲಾರೀನೋ?"

"ಪಾಪ, ಖುಷಿಗೆ ಮಾಡ್ತಾನೆ ಕಣೇ."

"ಅದರ ಖುಷಿಗೆ ನಾನು ಸಾಯ್ಬೇಕಾ? ಒಂದೋ ಇದು ಇರ್ಲಿ, ಇಲ್ಲಾ ನಾನು ಇರ್ತೀನಿ."

ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿ, ಬೈದು, ಬೆಳೆಸಿದವಳು ಇವಳು. ಇವಳನ್ನು ಎಲ್ಲಿಗೆ ಕಳಿಸಲಿ?

ಫೆಬ್ರುವರಿ ೧೧, ಮಂಗಳವಾರ

ಒಪ್ಪಂದವಾಯಿತು. ಮೈದುನ ಫೋನ್ ಮಾಡಿದ್ದ. ಅವನದು ಊರಾಚೆ ಟಿಂಬರ್ ಡಿಪೋ; ದಿನವಿಡೀ ಲಾರಿಗಳು ಬಂದು ಹೋಗುವ ಜಾಗ. "ನಂಗೆ ಕೊಡಿ ಅತ್ತಿಗೆ, ಕಾವಲಿಗೆ ಆಗುತ್ತೆ" ಎಂದ. ಕಾವಲಂತೆ! ಕಳ್ಳ ಬಂದರೆ ನಮ್ಮವನು ಮುಖ ನೆಕ್ಕಿ ಬೀರು ತೋರಿಸಿಯಾನು.

ಅಕ್ಕನ ಕಾಲು ಹಿಡಿದೆ. ಅಕ್ಷರಶಃ ಅಲ್ಲ, ಆ ಕಾಲಿಗೆ ಕಂಬಿ ಇದೆ. ಕೊನೆಗೆ ಅವಳು ಗಡುವು ಕೊಟ್ಟಳು. "ನಾನು ವಾಕರ್ ಬಿಟ್ಟು ಕೋಲು ಹಿಡಿಯೋವರೆಗೆ ಟೈಮು. ಅಷ್ಟರೊಳಗೆ ಅದಕ್ಕೆ ಬುದ್ಧಿ ಕಲಿಸು. ಕಲೀಲಿಲ್ವೋ, ಡಿಪೋ. ಮಾತು ಅಂದ್ರೆ ಮಾತು."

"ಮಾತು" ಎಂದೆ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ?"

"ನಾನು ರಿಟೈರ್ ಆದವರಿಗೇ ಕಾರು ಕಲಿಸಿದೀನಿ, ನೋಡ್ತಿರು" ಎಂದೆ. ಹೇಳುವಾಗ ಧೈರ್ಯವಾಗಿತ್ತು.

ಫೆಬ್ರುವರಿ ೧೭, ಸೋಮವಾರ

ಮನೆಯಲ್ಲಿ ಆ ಪದವನ್ನು ನಿಷೇಧಿಸಿದ್ದೇನೆ. ಇವತ್ತು ಅಕ್ಕನಿಗೆ ನಡಿಗೆ ಕಲಿಸಲು ಫಿಸಿಯೋ ಮೇಡಂ ಬಂದರು. ಬಾಗಿಲಲ್ಲೇ ತಡೆದು ಹೇಳಿದೆ: "ದಯವಿಟ್ಟು ಒಂದು ಮಾತು ಮಾತ್ರ ಆಡಬೇಡಿ. ಮೆಲ್ಲಗೆ ಅನ್ನಿ, ಹಗೂರ ಅನ್ನಿ, ಸಾವಕಾಶ ಅನ್ನಿ. ಅದೊಂದು ಬೇಡ."

"ಯಾವುದು?"

ಹೇಳುವುದು ಹೇಗೆ? ಕಿವಿಯಲ್ಲಿ ಪಿಸುಗುಟ್ಟಿದೆ. ಪಿಸುಗುಟ್ಟಿದ್ದೂ ಹಿತ್ತಿಲಿಗೆ ಕೇಳಿಸಿತು. ಕಿಟಕಿಯ ಗಾಜಿಗೆ ಎರಡು ಪಂಜ ಧೊಪ್ಪೆಂದವು! ಅಂಥ ಕಿವಿ ಅವನದು. ನನ್ನ ಕಾರಿನ ಹಾರ್ನನ್ನು ಎರಡು ಬೀದಿಯಾಚೆಯಿಂದಲೇ ಗುರುತಿಸಿ ಗೇಟಿನ ಹತ್ತಿರ ಲಾಗ ಹಾಕುತ್ತಾನೆ.

ಸಂಜೆ ಇವರು ಫೋನಿನಲ್ಲಿ ಯಾರಿಗೋ ತಮ್ಮ ಅಂಗಡಿಯ ಬಣ್ಣದ ಬಗ್ಗೆ "ಈ ಪೇಂಟು ಸ್ವಲ್ಪ ನಿಧಾನವಾಗಿ ಒಣಗುತ್ತೆ" ಎಂದುಬಿಟ್ಟರು. ಫೋನು ಮಂಚದ ಕೆಳಗೆ ಸಿಕ್ಕಿತು.

ಮಾರ್ಚ್ ೨, ಭಾನುವಾರ

ತರಬೇತಿ ಶುರು. ನನ್ನ ಲೆಕ್ಕಾಚಾರ ಹೀಗಿದೆ: ಆ ಪದ ಅವನಿಗೆ ಆಕ್ಸಿಲರೇಟರು. ಆಕ್ಸಿಲರೇಟರನ್ನು ಕಿತ್ತುಹಾಕಬೇಕು. ಅವನನ್ನು ಕೂರಿಸಿ, ಬಿಸ್ಕತ್ತು ಹಿಡಿದು, ಬೆನ್ನ ಹಿಂದೆ ನಿಂತು "ನಿಧಾನ" ಎನ್ನುವುದು. ಅಲ್ಲಾಡದೆ ಕೂತರೆ ಬಿಸ್ಕತ್ತು. ಎದುರಿಗೆ ನಿಂತರೆ ನನ್ನ ಮುಖ ನೋಡಿಯೇ ಹಾರುತ್ತಾನೆ, ಅದಕ್ಕೇ ಬೆನ್ನ ಹಿಂದೆ.

ಮೊದಲ ಪಾಠದ ಫಲಿತಾಂಶ: ನನ್ನ ಮೊಣಕೈ ತರಚಿದೆ, ಬಿಸ್ಕತ್ತು ಅವನ ಹೊಟ್ಟೆಯಲ್ಲಿದೆ, ಪೊಟ್ಟಣ ಸಮೇತ.

"ನಾಯಿಗೆ ಹೇಳಿದ್ರೆ ನಾಯಿ ಬಾಲಕ್ಕೆ ಹೇಳಿತಂತೆ" ಎಂದು ಅಕ್ಕ ಒಳಗಿನಿಂದ ಹಂಗಿಸಿದಳು.

ಮಾರ್ಚ್ ೨೦, ಗುರುವಾರ

ಇಲ್ಲ. ಏನೂ ಇಲ್ಲ. ಇವತ್ತು ಪಾಠ ಮಾಡುವಾಗ ಬಟ್ಟೆ ಒಣಹಾಕುವ ತಂತಿಯನ್ನೂ ಎಳೆದುಕೊಂಡು ಓಡಿದ. ಇವರ ಮೂರು ಅಂಗಿ ಮತ್ತೆ ನೆನೆಹಾಕಿದ್ದೇನೆ.

ಏಪ್ರಿಲ್ ೧೩, ಭಾನುವಾರ

ಅವನು ಕೂತ!!

ಬೆನ್ನ ಹಿಂದೆ ನಿಂತು "ನಿಧಾನ" ಎಂದೆ. ಅಲ್ಲಾಡಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ. ಒಂದು ಕಿವಿ ಇಷ್ಟೇ ಇಷ್ಟು ತಿರುಗಿತು, ಮತ್ತೆ ಅಲ್ಲಿಗೇ ಬಂತು. ಕೂತೇ ಇದ್ದ, ರಾಜನ ಹಾಗೆ! ಇಡೀ ಬಿಸ್ಕತ್ತಿನ ಡಬ್ಬ ಅವನ ಮುಂದೆ ಸುರಿದುಬಿಟ್ಟೆ. ಒಳಗೆ ಓಡಿ ಇವರನ್ನು ಎಳೆದುಕೊಂಡು ಬಂದು ತೋರಿಸಿದೆ. ಮತ್ತೆ ಕೂತ! ಇವರು "ಪರವಾಗಿಲ್ವೇ" ಎಂದರು. ಇವರ ಬಾಯಲ್ಲಿ ಅದು ಚಿನ್ನದ ಪದಕ.

ಅಕ್ಕ ಕಿಟಕಿಯಲ್ಲಿ ಕೂತು ಎಲ್ಲ ನೋಡುತ್ತಿದ್ದಳು. ನಾನು ಡಬ್ಬ ಹಿಡಿದು ಅಂಗಳದಲ್ಲಿ ಕುಣಿದದ್ದನ್ನೂ ನೋಡಿದಳು. ಮುಖ ಆಚೆ ತಿರುಗಿಸಿಕೊಂಡಳು. ಹೊಟ್ಟೆಕಿಚ್ಚು, ಮತ್ತೇನು!

ಮೇ ೧, ಗುರುವಾರ

ಪ್ರಗತಿಯೋ ಪ್ರಗತಿ. ಈಗ ಫಿಸಿಯೋ ಮೇಡಂ ಧಾರಾಳವಾಗಿ "ನಿಧಾನ, ನಿಧಾನ" ಎನ್ನುತ್ತಾರೆ, ಅವನು ನಡುಮನೆಯಲ್ಲಿ ಕಾಲು ಚಾಚಿ ಮಲಗಿರುತ್ತಾನೆ. ಕಾರಿನ ಹಿಂದಿನ ಸೀಟಿಗೂ ಮೊದಲಿನಂತೆ ನೆಗೆಯುವುದಿಲ್ಲ. ಮುಂಗಾಲು ಇಟ್ಟು, ನಾನು ಬಂದು ಹಿಂಭಾಗ ಎತ್ತುವವರೆಗೆ ತಿರುಗಿ ನೋಡುತ್ತ ಕಾಯುತ್ತಾನೆ. ಎಂಥ ಮರ್ಯಾದೆ ಬಂದಿದೆ ನೋಡಿ! ಗಿಡವಾಗಿ ಬಗ್ಗದ್ದು ಮರವಾಗಿಯೇ ಬಗ್ಗಿತು, ಅಕ್ಕಾ.

ಅವಳ ಸಿಟ್ಟು ಮಾತ್ರ ಇಳಿದಿಲ್ಲ. ವಾಕರನ್ನು ಎತ್ತಿ ಎತ್ತಿ ನೆಲಕ್ಕೆ ಕುಕ್ಕಿಕೊಂಡು ನಡೆಯುತ್ತಾಳೆ. ಧಡ್, ಧಡ್! ನೆಲ ಅದುರುತ್ತದೆ, ಕಪ್ಪು ಬಸಿ ಅದುರುತ್ತವೆ. ಮಲಗಿದ್ದ ಅವನು ಎಚ್ಚರಾಗಿ ಎದ್ದು ದಾರಿ ಬಿಡುತ್ತಾನೆ. ಪಾಪದ ಪ್ರಾಣಿ ನಿದ್ದೆ ಮಾಡುವುದನ್ನೂ ಇವಳಿಗೆ ನೋಡಲಾಗುವುದಿಲ್ಲ.

ಮೇ ೧೫, ಗುರುವಾರ

ಹೊಸ ವಿದ್ಯಾರ್ಥಿ: ಹಲ್ಲಿನ ಡಾಕ್ಟರು. ಊರವರ ಬಾಯೆಲ್ಲ ತೆರೆಸುವವರು ಸ್ಟೀರಿಂಗ್ ಹಿಡಿದರೆ ತಾವೇ ಬಾಯಿ ಬಿಟ್ಟುಕೊಂಡು ಕೂರುತ್ತಾರೆ. ವೃತ್ತದ ನಡುವೆ ಗಾಡಿ ನಿಂತುಹೋಯಿತು, ಹಿಂದೆ ಹತ್ತಾರು ಹಾರ್ನು. "ಆಗ್ಲಿ, ಅವರು ಕಾಯ್ತಾರೆ. ಮತ್ತೆ ಸ್ಟಾರ್ಟ್ ಮಾಡಿ" ಎಂದೆ.

"ನೀವು ತುಂಬಾ ಬೈತೀರಿ ಅಂತ ಕೇಳಿದ್ದೆ ಮೇಡಂ. ಬೈಯೋದೇ ಇಲ್ವಲ್ಲ!"

ಯಾರು ಹಬ್ಬಿಸಿದರೋ ಇಂಥ ಸುದ್ದಿಯನ್ನ.

ಜೂನ್ ೮, ಭಾನುವಾರ

ಒಂದು ವಿಷಯ ಬರೆಯಬೇಕೋ ಬೇಡವೋ. ಈಗೀಗ ನಾನು ಕೆಲಸದಿಂದ ಬಂದಾಗ ಅವನು ಬಾಗಿಲಿಗೆ ಬರುವುದಿಲ್ಲ. ಹಾರ್ನ್ ಮಾಡುತ್ತೇನೆ, ಗೇಟು ಕಿರ್ರೆನ್ನುತ್ತದೆ, "ಬಂದೆ ಕಣೋ" ಎನ್ನುತ್ತೇನೆ. ಒಳಗೆ ಹೋಗಿ ನೋಡಿದರೆ ಅಕ್ಕನ ಕೋಣೆಯ ಹೊಸ್ತಿಲಲ್ಲಿ ಮಲಗಿರುತ್ತಾನೆ. ನನ್ನನ್ನು ಕಂಡೊಡನೆ ಬಾಲ ಬಡಿಯುತ್ತಾನೆ, ಅದು ಬೇರೆ ಮಾತು. ಇದೇ ಅಲ್ಲವೇ ನಾನು ಕಲಿಸಿದ್ದು? ಕಲಿತದ್ದಕ್ಕೆ ಬೇಜಾರು ಮಾಡಿಕೊಂಡರೆ ನನ್ನಂಥ ಹುಚ್ಚಿ ಇಲ್ಲ.

ವಾಕಿಂಗಿಗೆ ಮೊದಲೆಲ್ಲ ಅವನು ನನ್ನನ್ನು ಎಳೆದುಕೊಂಡು ಹೋಗುತ್ತಿದ್ದ. ಈಗ ಜೊತೆಜೊತೆಗೆ ನಡೆಯುತ್ತೇವೆ. ಬೀದಿಯ ಕೊನೆಯ ಮನೆಯವರ ಗೋಡೆಯಲ್ಲಿ ಒಂದು ಬಳ್ಳಿ ಇದೆ, ನೀಲಿ ಹೂವು. ಇಷ್ಟು ವರ್ಷ ಅದರ ಮುಂದೆಯೇ ಓಡಾಡಿದರೂ ನೋಡಿರಲಿಲ್ಲ.

ಜೂನ್ ೨೭, ಶುಕ್ರವಾರ

ಅಕ್ಕನ ಜೊತೆ ಜಗಳ. ಅವಳು ಮಂಚದ ಮೇಲೆ ಕೂತು ಟವೆಲ್ಲನ್ನು ಬಾವುಟದ ಹಾಗೆ ಬೀಸುತ್ತಿದ್ದಳು.

"ಓಡಿಸ್ತೀಯಾ ಅವನ್ನ? ಸುಮ್ನೆ ಮಲಗಿದ್ನಲ್ಲೇ!"

"ನಾನ್ಯಾಕೆ ಓಡಿಸ್ಲಿ? ಅವನು ಬಂದ್ನಲ್ಲ, ನೋಡು."

ನಿಜ, ಅವಳ ಮಂಚದ ಹತ್ತಿರವೇ ಬಂದು ನಿಂತಿದ್ದ. ಟವೆಲ್ ಬೀಸಿ ಓಡಿಸಿದರೂ ಹತ್ತಿರವೇ ಹೋಗುವಷ್ಟು ಒಳ್ಳೆಯವನು. ಅಕ್ಕನ ತಟ್ಟೆಯಲ್ಲಿ ಬ್ರೆಡ್ಡಿನ ಅಂಚು ಇರಲಿಲ್ಲ. ಅವಳು ಅಂಚು ತಿನ್ನುವವಳಲ್ಲ. "ಅದೇನು ನೋಡ್ತೀಯಾ? ಅವನಿಗೆ ಹಲ್ಲು ಸವೆದಿದೆ, ನೆನೆಸಿ ಕೊಟ್ಟೆ" ಎಂದು ನನಗೇ ಗದರಿಸಿದಳು.

ಜುಲೈ ೨೦, ಭಾನುವಾರ

ಗೆದ್ದೆ! ಗೆದ್ದೆ! ಗೆದ್ದೆ!

ಇವತ್ತು ಅಕ್ಕ ವಾಕರ್ ಬಿಟ್ಟು ಕೋಲು ಹಿಡಿದಳು. ಎಲ್ಲರೂ ಸೇರಿದ್ದೆವು: ನಾನು, ಇವರು, ಫಿಸಿಯೋ ಮೇಡಂ. ಮೈದುನನೂ ಬಂದಿದ್ದ, ಗೇಟಿನಾಚೆ ಅವನ ಲಾರಿ ನಿಂತಿತ್ತು, ನಾಯಿಗೆಂದು ಹಿಂದೆ ಗೋಣಿಚೀಲ ಹಾಸಿಕೊಂಡೇ ಬಂದಿದ್ದ. ನಾಯಿ ನಡುಮನೆಯಲ್ಲಿ ಬೆನ್ನು ಮಾಡಿ ಮಲಗಿದ್ದ. ಅಕ್ಕ ಕೋಣೆಯಿಂದ ಹೊರಟಳು. ಮೇಡಂ ಬೇಕೆಂದೇ ಜೋರಾಗಿ "ನಿಧಾನ! ನಿಧಾನ!" ಎಂದರು. ಮೈದುನ "ನಿಧಾನ!" ಎಂದ. ಇವರೂ ಅಂದರು. ನಾನಂತೂ ಕಿರುಚಿದೆ.

ಅವನು ಒಂದು ಕೂದಲೂ ಅಲ್ಲಾಡಿಸಲಿಲ್ಲ!

ಅಕ್ಕ ಕೋಲನ್ನು ಧಡ್ಡೆಂದು ಕುಕ್ಕಿದಳು. ಆಗ ಕಣ್ಣು ಬಿಟ್ಟು, ಅವಳನ್ನು ನೋಡಿ, ಎದ್ದು ಪಕ್ಕಕ್ಕೆ ಸರಿದು ದಾರಿ ಕೊಟ್ಟ. ಮೈದುನ ಚಪ್ಪಾಳೆ ತಟ್ಟಿದ. "ಅತ್ತಿಗೆ, ನೀವು ಸರ್ಕಸ್ಸಿಗೆ ಸೇರ್ಬೇಕಿತ್ತು!" ಅಕ್ಕ ನಡುಮನೆ ದಾಟಿ, ಅಡುಗೆಮನೆ ಮುಟ್ಟಿ, ವಾಪಸು ಬಂದು ಕೂತು, "ಆಯ್ತು. ಇರ್ಲಿ. ಮಾತು ಅಂದ್ರೆ ಮಾತು" ಎಂದಳು. ಲಾರಿ ಖಾಲಿ ಹೋಯಿತು. ನಾನು ಕೇಕು ತಂದು ಎಲ್ಲರಿಗೂ ಹಂಚಿದೆ. ಅಕ್ಕನಿಗೆ ಮುತ್ತು ಕೊಟ್ಟೆ, ಅವಳು ಕೆನ್ನೆ ಒರೆಸಿಕೊಂಡಳು.

ಆಗಸ್ಟ್ ೧೨, ಮಂಗಳವಾರ

ಮಧ್ಯಾಹ್ನ ಹಲ್ಲಿನ ಡಾಕ್ಟರಿಗೆ ರಿವರ್ಸ್ ಪಾಠ. ನಮ್ಮ ಮನೆಯ ಮುಂದಿನಿಂದಲೇ ಕಾರು ತೆಗೆಯಬೇಕಿತ್ತು. ಕನ್ನಡಿಯಲ್ಲಿ ನೋಡಿದೆ, ಹಿಂದೆ ಬಿಸಿಲಿನಲ್ಲಿ ಅವನು ಮಲಗಿದ್ದ. ನೋಡಿದೆ. ನೋಡಿಯೂ ಹೇಳಿದೆ, "ಹಾರ್ನ್ ಹೊಡೀರಿ, ಎದ್ದು ಹೋಗ್ತಾನೆ."

ಹೊಡೆದರು. "ಹಾಗೇ ಇದೆಯಲ್ಲ ಮೇಡಂ."

"ನಾಟಕ! ಗಾಡಿ ಅಲ್ಲಾಡಿದ್ರೆ ಏಳ್ತಾನೆ. ಬಿಡಿ ಕ್ಲಚ್ಚು."

ಗಾಡಿ ಹಿಂದಕ್ಕೆ ಸರಿಯಿತು. ಬಾಗಿಲಿನಿಂದ ಅಕ್ಕ ಬಂದಳು. ಕೋಲಿಲ್ಲ! ಕೈಯಲ್ಲಿ ಕೋಲಿಲ್ಲದೆ ಮೆಟ್ಟಿಲಿಳಿದು ಬಂದು ಬಾನೆಟ್ಟಿನ ಮೇಲೆ ಎರಡೂ ಕೈಯಿಂದ ಬಡಿದಳು.

"ನಿಲ್ಸೇ, ಮುಂಡೇದೇ! ಅವನಿಗೆ ಕೇಳ್ಸಲ್ಲ! ಕೇಳ್ಸಲ್ಲ ಅವನಿಗೆ!"

ನನ್ನ ಕಾಲಕೆಳಗೆ ನನ್ನದೇ ಬ್ರೇಕ್ ಇದೆ, ಕಲಿಸುವವರ ಬ್ರೇಕ್. ತುಳಿದೆ. ಇಳಿದು ಓಡಿದೆ. ಚಕ್ರಕ್ಕೂ ಅವನ ಬೆನ್ನಿಗೂ ನಡುವೆ ನನ್ನ ಅಂಗೈ ಹಿಡಿಸುವಷ್ಟು ಜಾಗವಿತ್ತು. ಇಷ್ಟಾದರೂ ಅವನು ಮಲಗಿಯೇ ಇದ್ದ. ಕಿವಿಯ ಹತ್ತಿರ ಬಾಯಿಟ್ಟು ಹೆಸರು ಕೂಗಿದೆ. ಉಸಿರು ಮೇಲೆ ಕೆಳಗೆ, ಮೇಲೆ ಕೆಳಗೆ. ಬೆನ್ನು ಮುಟ್ಟಿದೆ. ಬೆಚ್ಚಿ ಎದ್ದ, ನನ್ನನ್ನು ಕಂಡ, ಖುಷಿಯಲ್ಲಿ ಇಡೀ ಮೈ ಬಾಲದ ಹಾಗೆ ಆಡಿಸಿದ.

ನಡುರಸ್ತೆಯಲ್ಲಿ ಕೂತು ಅತ್ತೆ. ಡಾಕ್ಟರು ಪಾಪ ಏನು ಮಾಡಲೂ ತೋಚದೆ ಕರವಸ್ತ್ರ ಕೊಟ್ಟರು.

ಆಗಸ್ಟ್ ೧೩, ಬುಧವಾರ

ನಾಯಿ ಡಾಕ್ಟರು ನೋಡಿದರು. ವಯಸ್ಸು. ಎರಡೂ ಕಿವಿ. ತಿಂಗಳುಗಳಿಂದಲೇ ಆಗುತ್ತಾ ಬಂದಿರಬೇಕಂತೆ. "ನಿಮಗೆ ಗೊತ್ತಾಗಲಿಲ್ವಾ?" ಎಂದು ಕೇಳಿದರು. ಕೇಳುವ ಪ್ರಶ್ನೆಯೇ ಅದು?

ಮನೆಗೆ ಬಂದು ಅಕ್ಕನ ಮುಂದೆ ನಿಂತೆ.

"ನಿಂಗೆ ಯಾವಾಗ ಗೊತ್ತಾಯ್ತು?"

"ನೀನು ಬಿಸ್ಕತ್ತಿನ ಡಬ್ಬ ಹಿಡ್ಕೊಂಡು ಕುಣಿದ್ಯಲ್ಲ, ಅದಕ್ಕೂ ಮುಂಚೆ. ಸ್ಟೀಲ್ ತಟ್ಟೆ ಕೈ ಜಾರಿ ಬಿತ್ತು, ಅವನು ತಿರುಗಿ ನೋಡ್ಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೂತು ಕೂತು ಮುದುಕಿ ಆದವಳು ನಾನು. ಲೈನ್ ಡೆಡ್ ಆಗಿದ್ದು ಗೊತ್ತಾಗಲ್ವಾ?"

"ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಅವನನ್ನ ಡಿಪೋಗೆ ಕಳಿಸಿಬಿಡ್ತಿದ್ದೆ. ನೀನು ಕೊಟ್ಟ ಮಾತಿಗೆ ತಪ್ಪೋಳಲ್ಲ, ಅದೇ ನಿನ್ನ ರೋಗ. ಅದೂ ಅಲ್ದೆ, ಆ ಕುಣಿಯೋ ಮುಖಕ್ಕೆ ನಾನು ಹ್ಯಾಗೇ ಹೇಳ್ಲಿ?"

ನಾನು ಕೊಟ್ಟ ಮಾತು ನೆನಪಾಯಿತು. "ಅಕ್ಕಾ, ಹಾಗಿದ್ರೆ ಅವನು ಕಲೀಲೇ ಇಲ್ಲ. ಮಾತಿನ ಪ್ರಕಾರ..."

"ಅವನು ಕಲೀಲಿಲ್ಲ. ನಾನು ಕಲ್ತೆ" ಎಂದಳು. "ನೆಲ ಕುಕ್ಕಿದ್ರೆ ಅವನ ಹೊಟ್ಟೆಗೆ ತಿಳಿಯುತ್ತೆ, ಎದ್ದು ದಾರಿ ಬಿಡ್ತಾನೆ. ಟವೆಲ್ ಬೀಸಿದ್ರೆ ಕಾಣುತ್ತೆ, ಬರ್ತಾನೆ. ಇಷ್ಟು ದಿನ ನಾನು ಬೀಳದೆ ಇದ್ದಿದ್ದು ನಿನ್ನ ಬಿಸ್ಕತ್ತಿನಿಂದಲ್ಲ, ತಿಳ್ಕೋ. ಹಾರ್ನ್ ಕೇಳಿಸದವನನ್ನ ಲಾರಿಗಳ ಮಧ್ಯ ಬಿಡ್ತೀಯಾ? ತಲೆ ನೆಟ್ಟಗಿದೆಯಾ ನಿಂಗೆ? ಅವನಿಗೆ ಕಿವಿ ಇಲ್ಲ, ನಂಗೆ ಕಾಲಿಲ್ಲ. ಇಬ್ಬರನ್ನೂ ಸೇರಿಸಿದ್ರೆ ಒಂದು ಪೂರ್ತಿ ಪ್ರಾಣಿ ಆಗುತ್ತೆ. ಇಟ್ಕೋ."

ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಮಾಡಿದೆ. ಬಾಗಿಲಲ್ಲಿ ನಿಂತು ನಾನು "ಬಂದೆ ಕಣೋ" ಎಂದದ್ದು ಇಷ್ಟು ತಿಂಗಳು ಅವನಿಗೆ ಮುಟ್ಟಿಯೇ ಇರಲಿಲ್ಲ. ಅದಕ್ಕೆ ಅವನು ಬರಲಿಲ್ಲ. ಬರಲು ಮನಸ್ಸಿಲ್ಲದೆ ಅಲ್ಲ.

ಇವರು ತಾವಾಗಿಯೇ ತಮ್ಮನಿಗೆ ಫೋನ್ ಮಾಡಿ, "ನಾಯಿ ವಿಷಯ ಇನ್ನು ಎತ್ಬೇಡ" ಎಂದರು. ಇವರು ಇಷ್ಟು ಉದ್ದ ಮಾತಾಡಿದ್ದು ಅಪರೂಪ.

ಆಗಸ್ಟ್ ೩೧, ಭಾನುವಾರ

ಹೊಳೆಯಿತು! ಸ್ನಾನ ಮಾಡುವಾಗ ಹೊಳೆಯಿತು, ತಲೆಯ ತುಂಬ ಸೋಪು!

ಕೈ ಸನ್ನೆ! ಕಾರಿನ ದೀಪ ಕೆಟ್ಟರೆ ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಹಾಕಿ ಸನ್ನೆ ಮಾಡುವುದಿಲ್ಲವೇ? ಅಂಗೈ ಎದುರಿಗೆ ಹಿಡಿದರೆ ನಿಲ್ಲು. ತೋಳು ಚಾಚಿ, ಅಂಗೈ ಕೆಳಗೆ ಮಾಡಿ, ಮೇಲೆ ಕೆಳಗೆ ಆಡಿಸಿದರೆ ವೇಗ ಕಡಿಮೆ ಮಾಡು. ವರ್ಷಗಳಿಂದ ಎಲ್ಲರಿಗೂ ಕಲಿಸುತ್ತಿದ್ದೇನೆ, ಅವನಿಗೊಬ್ಬನಿಗೆ ಬಾಯಿ ಬಡಿದುಕೊಂಡೆ. ಸೋಪಿನ ಕೈಯಲ್ಲೇ ಅಕ್ಕನಿಗೆ ಹೇಳಲು ಓಡಿದೆ. "ಮೊದ್ಲು ಬಟ್ಟೆ ಹಾಕ್ಕೊಂಡು ಬಾ" ಎಂದಳು.

ಸೆಪ್ಟೆಂಬರ್ ೬, ಶನಿವಾರ

'ನಿಲ್ಲು' ಬಂತು. ಎಡಕ್ಕೆ ತಿರುಗುವುದೂ ಬಂತು. ಹಲ್ಲಿನ ಡಾಕ್ಟರಿಗಿಂತ ಬೇಗ ಕಲಿಯುತ್ತಾನೆ! ಪಾಠಕ್ಕೆ ಹೊರಡುತ್ತೇನೆಂದು ಬೂಟು ಎತ್ತಿಕೊಂಡರೆ ಸಾಕು, ಮತ್ತೆ ಲಾಗ ಹಾಕುತ್ತಾನೆ, ಮೊದಲಿನಷ್ಟು ಎತ್ತರವಲ್ಲ. 'ವೇಗ ಕಡಿಮೆ' ಮಾತ್ರ ತಲೆಗೆ ಹೋಗುತ್ತಿಲ್ಲ. ಅದು ಅವನ ಜಾತಕದಲ್ಲೇ ಇಲ್ಲ.

ಸೆಪ್ಟೆಂಬರ್ ೨೧, ಭಾನುವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕಾಲಿನ ಹಾಗಿದೆ, ಇರಲಿ. ಬಲಗೈ ಮಣಿಕಟ್ಟಿಗೆ ಪಟ್ಟಿ ಕಟ್ಟಿದ್ದಾರೆ. ಉಳುಕು ಅಷ್ಟೇ, ಮುರಿದಿಲ್ಲ.

ಬೆಳಿಗ್ಗೆ ಶಾಲೆಯ ಆಟದ ಬಯಲಿಗೆ ಹೋಗಿದ್ದೆವು. ಅಕ್ಕ ಕೋಲೂರಿಕೊಂಡು ಬಂದು ನನ್ನ ಹಿಂದಿನ ಬೆಂಚಿನಲ್ಲಿ ಕೂತಳು. ಇವರು ಆ ತುದಿಯಲ್ಲಿ ನಾಯಿಯನ್ನು ಹಿಡಿದುಕೊಂಡಿದ್ದರು, ನಾನು ಈ ತುದಿಯಲ್ಲಿ. ಇವರು ಬಿಟ್ಟರು. ಅವನು ನನ್ನನ್ನು ಹುಡುಕಿದ, ಕಂಡ, ಹೊರಟ. ಅಬ್ಬಾ, ಆ ಓಟ! ಹಿಂಗಾಲು ಸ್ವಲ್ಪ ಓರೆ, ಆದರೂ ಮಣ್ಣು ಹಾರುತ್ತಿತ್ತು. ನಾನು ತೋಳು ಚಾಚಿ, ಅಂಗೈ ಕೆಳಗೆ ಮಾಡಿ, ಮೇಲೆ ಕೆಳಗೆ ಆಡಿಸಿದೆ.

ಅವನು ವೇಗ ಕಡಿಮೆ ಮಾಡಿದ.

ಓಟ ಹೋಗಿ ನಡಿಗೆಯಾಯಿತು. ನಡಿಗೆಯೂ ಸಣ್ಣದಾಗಿ, ನನ್ನಿಂದ ಸ್ವಲ್ಪ ದೂರದಲ್ಲಿ ನಿಂತೇಬಿಟ್ಟ. ನಿಂತು ನನ್ನ ಮುಖ ನೋಡಿದ, ಸರಿಯಾಯಿತಾ ಎಂದು. ಇವರು ಆ ತುದಿಯಿಂದ ಎರಡೂ ಕೈ ಎತ್ತಿದರು. ಮರಿಯಾಗಿದ್ದ ದಿನದಿಂದ ಗಂಟಲು ಹರಿದುಕೊಂಡು ನಾನು ಕೇಳಿದ್ದು ಇದನ್ನೇ. ನಾನು ಹಾರಿ ಕುಣಿಯಬೇಕಿತ್ತು. ಆದರೆ ಅವನು ಮೂತಿಯೆಲ್ಲ ಬೆಳ್ಳಗಾಗಿ, ಏದುಸಿರು ಬಿಡುತ್ತ, ಪರರ ಮನೆಗೆ ಬಂದ ನೆಂಟನ ಹಾಗೆ ಸಂಕೋಚದಿಂದ ನಿಂತಿದ್ದ. ನನ್ನಿಂದ ತಡೆಯಲಾಗಲಿಲ್ಲ. ಸಾಕು ಮಾರಾಯ, ಈ ಮರ್ಯಾದೆ ನಂಗೆ ಬೇಡ ಎಂದು ಕೂಗಿದೆ, ಅವನಿಗೆ ಕೇಳುವುದಿಲ್ಲ ಎಂಬುದೂ ಮರೆತು.

ಎರಡೂ ತೋಳು ಅಗಲಿಸಿದೆ. ಅಂಥ ಸನ್ನೆ ರಸ್ತೆಯ ನಿಯಮಗಳಲ್ಲಿ ಇಲ್ಲ, ನಾನು ಕಲಿಸಿಯೂ ಇರಲಿಲ್ಲ. ಅವನಿಗೆ ಅರ್ಥವಾಯಿತು. ಬಂದ.

ಹಿಂದಿನ ಬೆಂಚಿನಿಂದ ಅಕ್ಕ "ನಿಧಾನ! ಏಯ್, ನಿಧಾನ!" ಎಂದು ಅರಚಿದಳು. ನಾಯಿಗೆ ಅಂದಳೋ, ನನಗೆ ಅಂದಳೋ. ಅವನಿಗೆ ಕೇಳಿಸಲಿಲ್ಲ. ನಾನು ಕೇಳಿಸಿಕೊಳ್ಳಲಿಲ್ಲ, ನಾನೂ ಅವನ ಕಡೆಗೆ ಓಡುತ್ತಿದ್ದೆ.